ಎಕ್ಸ್‌ಪ್ರೆಸ್ ಬೋಗಿಯ ಎರಡನೇ ಬಾಳು

ಹೆಸರಘಟ್ಟಕ್ಕೆ ರೈಲು ನಿಲ್ದಾಣವಿಲ್ಲ. ರೈಲು ಹಿಡಿಯಬೇಕಾದವರು ಸೋಲದೇವನಹಳ್ಳಿಗೋ ಚಿಕ್ಕಬಾಣಾವರಕ್ಕೋ ಬರಬೇಕು. ಬೆಂಗಳೂರು–ತುಮಕೂರು ಮಾರ್ಗದ ಸೋಲದೇವನಹಳ್ಳಿಯಂಥ ಸಣ್ಣ ನಿಲ್ದಾಣಗಳನ್ನು ದೊಡ್ಡ ಎಕ್ಸ್‌ಪ್ರೆಸ್ ಗಾಡಿಗಳು ತಿರುಗಿ ನೋಡದೆ ದಾಟಿ ಹೋಗುತ್ತವೆ. ಹೀಗೆ ನಿಲ್ಲದೆ ಓಡಿದ ಬೋಗಿಯೇ ಇಪ್ಪತ್ತು ವರ್ಷ ಕಳೆದ ಮೇಲೆ ಪ್ಯಾಸೆಂಜರ್ ಗಾಡಿಯ ಭಾಗವಾಗಿ ಇಂಥದೇ ಸಣ್ಣ ನಿಲ್ದಾಣಕ್ಕೆ ಬಂದು ನಿಲ್ಲುವುದುಂಟು. ಅಣ್ಣ ತೊಟ್ಟು ಬಿಟ್ಟ ಅಂಗಿ ತಮ್ಮನ ಪಾಲಾಗುವ ರೂಢಿ ನಮ್ಮ ಮನೆಗಳಲ್ಲಿ ಹೇಗೋ, ರೈಲಿನಲ್ಲೂ ಹಾಗೆಯೇ. ಅಂಗಿಯನ್ನು ತಮ್ಮನ ಅಳತೆಗೆ ಹೊಲಿದು ಕೊಡಲಾಗಿದೆಯೇ ಎಂಬುದಷ್ಟೇ ಪ್ರಶ್ನೆ.

ಈ ಮಾರ್ಗ ಹಳೆಯದು. ಮೈಸೂರು–ಬೆಂಗಳೂರು ನಡುವಿನ ಮೀಟರ್‌ಗೇಜ್ ರೈಲು 1882ರಲ್ಲಿ ಪೂರ್ಣಗೊಂಡಿತು. 1884ರಲ್ಲಿ ಹಳಿ ತುಮಕೂರಿನ ಕಡೆಗೆ ಚಾಚಿತು. ಮುಂದೆ ಹನ್ನೆರಡು ವರ್ಷಕ್ಕೆ, 1896ರಲ್ಲಿ, ಹೆಸರಘಟ್ಟದ ಕೆರೆಯ ನೀರು ಬೆಂಗಳೂರಿಗೆ ಹರಿಯಿತು. ಆ ನೀರನ್ನು ಮೇಲೆತ್ತುತ್ತಿದ್ದುದು ಸೋಲದೇವನಹಳ್ಳಿಯ ಉಗಿಯಂತ್ರಗಳು. ರೈಲೂ ನೀರೂ ಉಗಿಯ ಬಲದಿಂದಲೇ ಸಾಗುತ್ತಿದ್ದ ಕಾಲವದು.

ಭಾರತೀಯ ರೈಲ್ವೆ 1992ರಲ್ಲಿ ದೇಶವ್ಯಾಪಿ ಗೇಜ್ ಪರಿವರ್ತನೆಗೆ ಕೈಹಾಕಿತು. ಒಂದು ಮೀಟರ್ ಅಗಲದ ಹಳಿ ಕಿತ್ತು, 1,676 ಮಿಲಿಮೀಟರ್ ಅಗಲದ ಹಳಿ ಹಾಕುವ ಕೆಲಸ. ಬೆಂಗಳೂರು–ಹುಬ್ಬಳ್ಳಿ ಮಾರ್ಗ 1990ರ ದಶಕದ ಮಧ್ಯಭಾಗದಲ್ಲಿ ಬ್ರಾಡ್‌ಗೇಜ್ ಆಯಿತು. ದೇಶದ ಮೀಟರ್‌ಗೇಜ್ ಗಾಡಿಗಳಿಗೆ ಊರೂರಿನಲ್ಲಿ ಕೆಲಸ ತಪ್ಪಿತು. ಎಲ್ಲವೂ ಗುಜರಿಗೆ ಹೋಗಲಿಲ್ಲ. ಅನೇಕ ಡೀಸೆಲ್ ಎಂಜಿನ್‌ಗಳನ್ನು ದುರಸ್ತಿ ಮಾಡಿ ಮಲೇಷ್ಯಾ, ಮ್ಯಾನ್ಮಾರ್, ಟಾಂಜಾನಿಯಾಗಳಿಗೆ ಕಳಿಸಲಾಯಿತು. ಒಂದು ನಾಡಿಗೆ ಹಳತಾದದ್ದು ಇನ್ನೊಂದು ನಾಡಿನಲ್ಲಿ ಮತ್ತೆ ದುಡಿಯಿತು.

ಹೊಸ ಹಳಿಯ ಮೇಲೆ ಬಂದ ನೀಲಿ ಬೋಗಿಗಳು ಮದರಾಸಿನ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಮಾದರಿಯವು. ಸ್ವಿಟ್ಜರ್‌ಲೆಂಡಿನ ತಾಂತ್ರಿಕ ನೆರವಿನಿಂದ ಕಟ್ಟಿದ ಈ ಕಾರ್ಖಾನೆಯನ್ನು 1955ರ ಅಕ್ಟೋಬರ್ 2ರಂದು ಪ್ರಧಾನಿ ನೆಹರೂ ಉದ್ಘಾಟಿಸಿದರು. ಇಲ್ಲಿನ ಮಾದರಿಯ ಬೋಗಿಗೆ ಲೆಕ್ಕದ ಆಯುಷ್ಯ 25 ವರ್ಷ. ಆದರೆ ಆ ಆಯುಷ್ಯ ತಾನಾಗಿ ಬರುವುದಲ್ಲ, ಕಾರ್ಯಾಗಾರದಲ್ಲಿ ದುಡಿದು ಗಳಿಸಬೇಕಾದದ್ದು.

ಕರ್ನಾಟಕದಲ್ಲಿ ಈ ದುಡಿಮೆಗೆ ಹೆಸರಾದವು ಎರಡು. ಹುಬ್ಬಳ್ಳಿಯ ಕಾರ್ಯಾಗಾರವನ್ನು ಸದರ್ನ್ ಮರಾಠಾ ರೈಲ್ವೆ 1885ರಲ್ಲಿ ಆರಂಭಿಸಿತು. ಮೈಸೂರಿನ ಕಾರ್ಯಾಗಾರ ಹುಟ್ಟಿದ್ದು ಅರಸರ ಕಾಲದಲ್ಲಿ. ಮೀಟರ್‌ಗೇಜಿನ ಕಾಲ ಮುಗಿದ ಮೇಲೆ ಇವೆರಡೂ ಬ್ರಾಡ್‌ಗೇಜ್ ಬೋಗಿಗಳ ದುರಸ್ತಿಗೆ ಹೊಂದಿಕೊಂಡವು.

ಬೋಗಿ ಒಳಗೆ ಬಂದೊಡನೆ ಅದರ ಒಡಲನ್ನು ಚಕ್ರಗಳ ಚೌಕಟ್ಟಿನಿಂದ ಎತ್ತಿ ಬೇರೆ ಮಾಡುತ್ತಾರೆ. ಸವೆದ ಚಕ್ರಗಳನ್ನು ಲೇತ್ ಯಂತ್ರದಲ್ಲಿ ಕಡೆಯುತ್ತಾರೆ. ಅಚ್ಚಿನೊಳಗೆ ಕಣ್ಣಿಗೆ ಕಾಣದ ಬಿರುಕಿದೆಯೇ ಎಂದು ಶ್ರವಣಾತೀತ ತರಂಗ ಹಾಯಿಸಿ ನೋಡುತ್ತಾರೆ. ಸ್ಪ್ರಿಂಗಿನ ಮೇಲೆ ಭಾರ ಹೇರಿ ಪರೀಕ್ಷಿಸುತ್ತಾರೆ, ಬ್ರೇಕನ್ನು ಬಿಚ್ಚಿ ಜೋಡಿಸುತ್ತಾರೆ. ಬೋಗಿಯ ದೊಡ್ಡ ಶತ್ರು ತುಕ್ಕು. ಅದು ಮೊದಲು ತಿನ್ನುವುದು ನೀರು ನಿಲ್ಲುವ ಜಾಗವನ್ನು: ಶೌಚಾಲಯದ ಅಡಿ, ಬಾಗಿಲ ಬುಡ, ಗೋಡೆಯೂ ನೆಲವೂ ಕೂಡುವ ಸಂದಿ. ಅಲ್ಲಿನ ಉಕ್ಕನ್ನು ಕತ್ತರಿಸಿ ಹೊಸ ತಗಡು ಬೆಸೆಯದೆ ಬಣ್ಣ ಬಳಿದರೆ ಅದು ನವೀಕರಣವಲ್ಲ, ಮುಚ್ಚುಮರೆ.

ಬೋಗಿಯ ಬಾಳು ಇಲ್ಲಿಗೇ ಮುಗಿಯುವುದಿಲ್ಲ. ಜನರನ್ನು ಹೊರುವ ವಯಸ್ಸು ಮೀರಿದ ಬೋಗಿಗಳ ಕಿಟಕಿ ಮುಚ್ಚಿ, ತುದಿಯಲ್ಲಿ ಅಗಲವಾದ ಬಾಗಿಲಿಟ್ಟು, ಕಾರುಗಳನ್ನು ಸಾಗಿಸಲು ಬಳಸುತ್ತಾರೆ. 2020ರ ಕೋವಿಡ್ ದಿನಗಳಲ್ಲಿ ಹಳೆಯ ಸ್ಲೀಪರ್ ಬೋಗಿಗಳು ರೋಗಿಗಳ ಪ್ರತ್ಯೇಕ ವಾರ್ಡುಗಳಾಗಿ ಸಜ್ಜಾದದ್ದೂ ಇದೇ ಬಗೆಯ ಕಾರ್ಯಾಗಾರಗಳಲ್ಲಿ.

ಹಳೆಯ ಮಾದರಿಯ ದೌರ್ಬಲ್ಯ ದೇಶಕ್ಕೆ ತಿಳಿದದ್ದು ಸಾವಿನಿಂದ. 2016ರ ನವೆಂಬರ್ 20ರ ನಸುಕಿನಲ್ಲಿ ಕಾನ್ಪುರದ ಹತ್ತಿರ ಪುಖ್ರಾಯಾಂನಲ್ಲಿ ಇಂದೋರ್–ಪಾಟ್ನಾ ಎಕ್ಸ್‌ಪ್ರೆಸ್ ಹಳಿ ತಪ್ಪಿತು. ಬೋಗಿಗಳು ಒಂದರೊಳಗೊಂದು ನುಗ್ಗಿ, 150ರಷ್ಟು ಜನ ಸತ್ತರು. ಜರ್ಮನಿಯ ಲಿಂಕೆ ಹಾಫ್‌ಮನ್ ಬುಷ್ ಮಾದರಿಯ ಬೋಗಿಗಳು ಅಷ್ಟರಲ್ಲಾಗಲೇ ದೇಶದಲ್ಲಿ ಓಡುತ್ತಿದ್ದವು. ಅಪಘಾತದಲ್ಲಿ ಒಂದರ ಮೇಲೊಂದು ಏರದಂತೆ ಅವುಗಳ ಕೊಂಡಿಯ ರಚನೆಯಿದೆ. 2018ರ ಜನವರಿಯಲ್ಲಿ ಪೆರಂಬೂರು ತನ್ನ ಹಳೆಯ ಮಾದರಿಯ ತಯಾರಿಕೆ ನಿಲ್ಲಿಸಿತು. ಹೊಸ ಬೋಗಿಗಳು ಮೊದಲು ಸೇರಿದ್ದು ದೂರದ, ವೇಗದ ಗಾಡಿಗಳನ್ನು. ಅಲ್ಲಿಂದ ತೆರವಾದ, ಇನ್ನೂ ಆಯುಷ್ಯ ಉಳಿದಿದ್ದ ಹಳೆಯವು ಕಡಿಮೆ ದೂರದ ಗಾಡಿಗಳತ್ತ ಬಂದವು.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಬ್ರಿಟನ್ನಿನಲ್ಲಿ 1976ರಿಂದ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಓಡಿ ಹೆಸರಾಗಿದ್ದ ‘ಇಂಟರ್‌ಸಿಟಿ 125’ ಗಾಡಿಗಳನ್ನು ನಾಲ್ಕೈದು ಬೋಗಿಗಳಿಗೆ ಮೊಟಕುಗೊಳಿಸಿ, 2018ರಿಂದ ಸ್ಕಾಟ್‌ಲೆಂಡಿನ ಊರುಗಳ ನಡುವೆ ಓಡಿಸಲಾಯಿತು. ಕಿಟಕಿಯಿಂದ ಕೈ ಹಾಕಿ ತೆರೆಯುತ್ತಿದ್ದ ಹಳೆಯ ಬಾಗಿಲುಗಳ ಬದಲು ತಾನಾಗಿ ಸರಿಯುವ ಬಾಗಿಲುಗಳು, ಹಳಿಯ ಮೇಲೆ ಸುರಿಯುತ್ತಿದ್ದ ಶೌಚಕ್ಕೆ ತೊಟ್ಟಿ ಬಂದವು. ಆದರೂ ಕೆಲಸ ಹೇಳಿದ ಹೊತ್ತಿಗೆ ಮುಗಿಯದೆ, ಕೆಲವು ಗಾಡಿಗಳು ಹಳೆಯ ರೂಪದಲ್ಲೇ ಓಡಿದವು.

2020ರ ಆಗಸ್ಟ್ 12ರಂದು ಇಂಥ ಒಂದು ಗಾಡಿ ಕಾರ್ಮೌಂಟ್ ಎಂಬಲ್ಲಿ ಮಳೆಗೆ ಕೊಚ್ಚಿಬಂದ ಕಲ್ಲುಮಣ್ಣಿನ ಮೇಲೆ ಹಾಯ್ದು ಹಳಿ ತಪ್ಪಿತು. ಮೂವರು ಸತ್ತರು. ತಪ್ಪು ಇದ್ದದ್ದು ಹಳಿಯ ಪಕ್ಕದ ಚರಂಡಿಯಲ್ಲಿ. ಆದರೆ 2022ರ ತನಿಖಾ ವರದಿ ಇನ್ನೊಂದು ಮಾತನ್ನೂ ಹೇಳಿತು: ಗಾಡಿ ಇಂದಿನ ಸುರಕ್ಷತಾ ಮಟ್ಟದ್ದಾಗಿದ್ದರೆ ಪರಿಣಾಮ ಇಷ್ಟು ಕಠೋರವಾಗದೇ ಇರುವ ಸಂಭವ ಹೆಚ್ಚು. ಬಾಗಿಲು ಹೊಸದಾದರೂ ಒಡಲು ಅರ್ಧ ಶತಮಾನದ ಹಿಂದಿನದೇ ಆಗಿತ್ತು.

ಇದರಿಂದ ಸೋಲದೇವನಹಳ್ಳಿಯ ಪ್ರಯಾಣಿಕ ಕಲಿಯಬೇಕಾದ್ದಿದೆ. 72 ಮಂದಿ ಮಲಗಿ ಹೋಗಲೆಂದು ಕಟ್ಟಿದ ಬೋಗಿಗೆ ಇಕ್ಕಟ್ಟಾದ ಬಾಗಿಲುಗಳಿರುವುದು ತುದಿಗಳಲ್ಲಿ ಮಾತ್ರ. ರಾತ್ರಿಯಿಡೀ ಓಡುವ ಗಾಡಿಗೆ ಅಷ್ಟು ಸಾಕು. ನಿಮಿಷ ನಿಂತು ಹೊರಡುವ ಲೋಕಲ್ ಗಾಡಿಗೆ ಸಾಲದು. ತಲೆಯ ಮೇಲೆ ಗಂಟು ಹೊತ್ತ ಹೆಂಗಸು, ಕಾಲೇಜಿನ ಹುಡುಗ, ಪಾಸ್ ಹಿಡಿದ ನೌಕರ ಎಲ್ಲರೂ ಒಂದೇ ಬಾಗಿಲಲ್ಲಿ ನೂಕಾಡಬೇಕು. ಗಾಡಿ ಹೊರಟಾಗ ಮೆಟ್ಟಿಲ ಮೇಲೆ ನಿಂತವರೇ ಮೊದಲು ಬೀಳುವವರು. ಅಲ್ಲದೆ, ಎಂಜಿನ್ ಎಳೆಯುವ ಗಾಡಿ ಪ್ರತಿ ನಿಲ್ದಾಣದಲ್ಲೂ ನಿಂತು ಮತ್ತೆ ವೇಗ ಪಡೆಯಲು ತಡವಾಗುತ್ತದೆ. ಅದಕ್ಕಾಗಿಯೇ ಅಗಲ ಬಾಗಿಲಿನ, ಸ್ವಂತ ವಿದ್ಯುತ್ ಮೋಟಾರಿನ ಮೆಮು ಗಾಡಿಗಳು ಬಂದವು. ತುಮಕೂರು–ಯಶವಂತಪುರ ನಡುವೆ ಅಂಥ ಗಾಡಿಗೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು.

ಹಾಗೆಂದು ಹಳೆಯ ಬೋಗಿಗಳನ್ನೆಲ್ಲ ಒಡೆದು ಹಾಕಬೇಕಾಗಿಲ್ಲ. ಉಕ್ಕು ಗಟ್ಟಿಯಿದ್ದರೆ ಅದು ಬಡವನ ಟಿಕೆಟ್ಟಿನ ಬೆಲೆಯನ್ನೂ ಹಿಡಿದಿಡುತ್ತದೆ. ಆದರೆ ಬಾಗಿಲು, ಮೆಟ್ಟಿಲು, ಬ್ರೇಕು, ಕೊಂಡಿಗಳು ಸಣ್ಣ ನಿಲ್ದಾಣದವರ ಅಗತ್ಯಕ್ಕೆ ಬದಲಾಗಬೇಕು. ಬೆಂಗಳೂರು ಉಪನಗರ ರೈಲಿಗೆ 2022ರ ಜೂನ್ 20ರಂದು ಶಂಕುಸ್ಥಾಪನೆಯಾಯಿತು. ಅದರ ‘ಮಲ್ಲಿಗೆ’ ಮಾರ್ಗ ಚಿಕ್ಕಬಾಣಾವರದವರೆಗೆ ಬರಲಿದೆ. ಅದು ಪೂರ್ಣವಾಗಿ ಓಡುವ ತನಕ, ಓಡಿದ ಮೇಲೂ ಅದರಾಚೆಯ ಹಳ್ಳಿಗಳಿಗೆ, ಪ್ಯಾಸೆಂಜರ್ ಗಾಡಿಯೇ ಗತಿ. ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವವನ ಜೀವಕ್ಕಿರುವ ಬೆಲೆಯೇ ಅದರಲ್ಲಿ ಹೋಗುವವನ ಜೀವಕ್ಕೂ ಇದೆ.