ಅಮ್ಮಾನಿನಲ್ಲಿ ಹೆಸರು ಬರೆದ ದಿನಗಳು

1990ರಲ್ಲಿ ಕುವೈತಿನಿಂದ ನಮ್ಮವರನ್ನು ಊರಿಗೆ ಕರೆತಂದ ಮಾತು ಬಂದಾಗಲೆಲ್ಲ ಜನ ವಿಮಾನಗಳ ಲೆಕ್ಕ ಹೇಳುತ್ತಾರೆ. 59 ದಿನ, 488 ಹಾರಾಟ, 1,11,711 ಜನ. ಏರ್ ಇಂಡಿಯಾದ ಹೆಸರು ಗಿನ್ನೆಸ್ ದಾಖಲೆಗೂ ಸೇರಿತು. ಲೆಕ್ಕ ಸರಿಯೇ. ಆದರೆ ಅಷ್ಟು ಜನ ವಿಮಾನದ ಮೆಟ್ಟಿಲಿನ ತನಕ ಬಂದದ್ದು ಹೇಗೆ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಜೋರ್ಡಾನಿನ ಅಮ್ಮಾನಿನಲ್ಲಿ, ನಮ್ಮ ರಾಯಭಾರ ಕಚೇರಿಯವರು ಹಾಕಿದ್ದ ಮೇಜಿನ ಹಿಂದೆ ಕೂತು ಐದು ದಿನ ಹೆಸರು ಬರೆದವನು ನಾನು. ಆ ಕೆಲಸದ ಬಗ್ಗೆ ಯಾರಾದರೂ ಹೇಳಬೇಕು.

ನಾನು ಕುಂದಾಪುರದ ಕಡೆಯವನು. ಕುವೈತಿನ ಶುವೈಖ್‌ನ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ಆಗಸ್ಟ್ 2ರಂದು ಇರಾಕಿನ ಸೈನ್ಯ ನುಗ್ಗಿದಾಗ ಅಲ್ಲಿ ನಮ್ಮವರು 1,70,000ಕ್ಕೂ ಹೆಚ್ಚಿದ್ದರು. ಮಲಯಾಳಿಗಳೇ ಜಾಸ್ತಿ, ಮಂಗಳೂರು, ಉಡುಪಿ ಕಡೆಯವರೂ ಬೇಕಾದಷ್ಟು. ಫೋನು ಸತ್ತುಹೋಯಿತು, ದಿನಾರಿಗೆ ಬೆಲೆ ಇಲ್ಲದಾಯಿತು. ಆಗಸ್ಟ್ 24ರೊಳಗೆ ಕುವೈತಿನ ರಾಯಭಾರ ಕಚೇರಿಗಳೆಲ್ಲ ಬಾಗಿಲು ಹಾಕಬೇಕೆಂದು ಇರಾಕ್ ಗಡುವು ಕೊಟ್ಟಿತು. ನಮ್ಮದು ಬಸ್ರಾಕ್ಕೆ ಹೋಯಿತು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಬಂದು ಸದ್ದಾಂ ಹುಸೇನರನ್ನು ಕಂಡರು. ಇಬ್ಬರೂ ಅಪ್ಪಿಕೊಂಡ ಚಿತ್ರ ನೋಡಿ ಬೈದವರು ಬಹಳ. ನಾನು ಬೈಯಲಾರೆ. ಗುಂಡು ಹಾರಿಸುವವನ ಜೊತೆ ಮಾತು ಬಿಡದೆ ಇದ್ದದ್ದರಿಂದಲೇ ನಮಗೆ ಬಸ್ರಾ, ಬಾಗ್ದಾದ್ ದಾಟಿ ಮರಳುಗಾಡಿನ ದಾರಿ ಹಿಡಿಯಲು ಆಯಿತು ಎಂದು ನಂಬಿದ್ದೇನೆ.

ಇರಾಕಿನ ಟ್ರೆಬಿಲ್ ಠಾಣೆ ದಾಟಿದರೆ ಜೋರ್ಡಾನಿನ ರುವೈಶಿದ್ ಸಿಗುವ ಮೊದಲು ಯಾರದೂ ಅಲ್ಲದ ನೆಲ. ಅಲ್ಲಿ ಶಾಲಾನ್ ಎಂಬ ಬಿಡಾರ. ಈಜಿಪ್ಟಿನವರು, ಬಾಂಗ್ಲಾದವರು, ಶ್ರೀಲಂಕಾದವರು, ಫಿಲಿಪೀನ್ಸಿನವರು, ನಾವು. ಹಗಲು ಸುಡುವ ಬಿಸಿಲು, ರಾತ್ರಿ ಹಲ್ಲು ಕಟಕಟ ಎನ್ನುವ ಚಳಿ. ನೀರಿನ ಟ್ಯಾಂಕರ್ ಬಂದರೆ ಓಟ. ಮೂರು ರಾತ್ರಿ ಅಲ್ಲಿ ಕಳೆದೆ. ಅದರ ಬಗ್ಗೆ ಇನ್ನು ಹೇಳಲು ಮನಸ್ಸಿಲ್ಲ.

ಅಲ್ಲಿಂದ ಅಮ್ಮಾನಿಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಆಗ ಅಲ್ಲಿ ರಾಯಭಾರಿಯಾಗಿದ್ದವರು ಕೆ. ಗಜೇಂದ್ರ ಸಿಂಗ್. ಅದೊಂದು ಸಣ್ಣ ಕಚೇರಿ. ನಮ್ಮ ಗದ್ದೆಗಳ ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್, ಪೊಟ್ಯಾಷ್ ಜೋರ್ಡಾನಿನಿಂದ ಬರುತ್ತದಲ್ಲ, ಅಂಥ ವ್ಯಾಪಾರದ ಕಾಗದ ನೋಡಿಕೊಂಡಿದ್ದವರ ಮುಂದೆ ಒಂದು ಬೆಳಗ್ಗೆ ಎದ್ದು ನೋಡುವಾಗ ಸಾವಿರಗಟ್ಟಲೆ ಜನ. ಬಸ್ಸು ಗೊತ್ತು ಮಾಡುವುದು, ರೊಟ್ಟಿ ನೀರು ಹೊಂದಿಸುವುದು, ಗಡಿಯ ಅಧಿಕಾರಿಗಳನ್ನು ಒಪ್ಪಿಸುವುದು, ಇವತ್ತು ಎಷ್ಟು ಜನ ಹತ್ತಿದರು, ನಾಳೆಗೆ ಎಷ್ಟು ವಿಮಾನ ಬೇಕು ಎಂದು ದೆಹಲಿಗೆ ತಿಳಿಸುವುದು, ಎಲ್ಲವೂ ಅವರ ತಲೆಯ ಮೇಲೆ.

ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್ ಕೆಲಸ ಕೊಟ್ಟ ಅರಬ್ಬಿಯ ಕಪಾಟಿನಲ್ಲೇ ಉಳಿದಿತ್ತು. ಅಂಥವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಬರೆದುಕೊಡಬೇಕು. ಒಂದೇ ಪ್ರಯಾಣಕ್ಕೆ, ಊರಿಗೆ ಮಾತ್ರ ನಡೆಯುವ ಕಾಗದ ಅದು. ಸಾಲಿನಲ್ಲಿ ನಿಂತಿದ್ದ ನನ್ನ ಇಂಗ್ಲಿಷ್ ಅಕ್ಷರ ನೋಡಿ ಒಬ್ಬ ಗುಮಾಸ್ತರು, "ಬರೆಯಲು ಕೂತುಕೊಳ್ಳುತ್ತೀರಾ?" ಎಂದು ಹಿಂದಿಯಲ್ಲಿ ಕೇಳಿದರು. ಕಣ್ಣು ಕೆಂಪಗಾಗಿತ್ತು, ಅಂಗಿಯ ಕಾಲರಿನಲ್ಲಿ ಬೆವರಿನ ಉಪ್ಪು ಬಿಳಿಯ ಗೆರೆ ಕಟ್ಟಿತ್ತು. ಕೂತೆ.

ಹೆಸರು ಬರೆಯುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ತಮಿಳರ ಇನಿಷಿಯಲ್ ಅಪ್ಪನದು. ಮಲಯಾಳಿಗಳದ್ದು ಬಹಳ ಸಲ ಮನೆತನದ್ದು. ಆಂಧ್ರದವರಿಗೆ ಮನೆಹೆಸರು ಮೊದಲು. ನಮ್ಮವರಲ್ಲಿ ಊರಿನ ಹೆಸರೂ ಬರುತ್ತದೆ. ಒಬ್ಬನೇ ಮನುಷ್ಯ ಗಡಿಯ ಪಟ್ಟಿಯಲ್ಲಿ ಒಂದು ಹೆಸರು, ಬಸ್ಸಿನ ಪಟ್ಟಿಯಲ್ಲಿ ಇನ್ನೊಂದು, ನಮ್ಮ ಮೇಜಿನಲ್ಲಿ ಮತ್ತೊಂದು. ಮೂರು ಸೀಟು ಹೋಯಿತು! ಆ ಕಡೆ ಅದೇ ಹೆಸರಿನ ಇಬ್ಬರನ್ನು ಒಬ್ಬನೆಂದು ಹೊಡೆದುಹಾಕಿದರೆ ಒಬ್ಬ ಮರಳಿನಲ್ಲಿ ಉಳಿದ. ಗೋದಾಮಿನ ಅಭ್ಯಾಸ ಅಲ್ಲಿ ಕೈ ಹಿಡಿಯಿತು. ಹೆಸರಿನ ಪಕ್ಕ ಅಪ್ಪನ ಹೆಸರು, ಊರು, ಹತ್ತಿರದ ಪೋಸ್ಟ್ ಆಫೀಸು ಬರೆದು ಮೂರೂ ಪಟ್ಟಿಗಳನ್ನು ತಾಳೆ ನೋಡಿದೆವು.

ಅಡುಗೆ ಕೆಲಸದ ವಯಸ್ಸಾದವರೊಬ್ಬರು ಬಂದರು. ಬೈಂದೂರಿನವರು. "ಅಪ್ಪಯ್ಯನ ಹೆಸ್ರು ಹೇಳಿ" ಎಂದೆ. ಕುಂದಗನ್ನಡ ಕೇಳಿದ್ದೇ ಅವರ ಗಂಟಲು ಕಟ್ಟಿತು. ಸರ್ಟಿಫಿಕೇಟಿಗೆ ಹಚ್ಚಲು ಫೋಟೋ ಇರಲಿಲ್ಲ. ಕಿಸೆಯಿಂದ ಮಗಳ ಮದುವೆಯ ಫೋಟೋ ತೆಗೆದರು. ಮಂಟಪದ ಬದಿಯಲ್ಲಿ ಇವರು, ಹೆಗಲ ಮೇಲೆ ಜರಿ ಶಾಲು. "ಇದ್ರಲ್ಲೇ ಕತ್ರ್ಸಿ ಮಗಾ" ಎಂದರು. ಮಗಳ ಕೈ ಅವರ ತೋಳಿಗೆ ತಾಗಿಕೊಂಡಿತ್ತು. ಬ್ಲೇಡು ಇಟ್ಟೆ, ತೆಗೆದೆ. ಪಕ್ಕದಲ್ಲಿದ್ದ ಆ ಗುಮಾಸ್ತರು ಫೋಟೋ ತಗೊಂಡು ಮುಖದ ಸುತ್ತ ಮಾತ್ರ, ಕೈಗೆ ತಾಗದ ಹಾಗೆ, ಚೌಕ ಕೊಯ್ದರು. ಉಳಿದ ಫೋಟೋವನ್ನು ಕಾಗದದಲ್ಲಿ ಸುತ್ತಿ ಅವರ ಕೈಗೇ ಕೊಟ್ಟರು. ಹಿಂದೆ ನೂರಾರು ಜನ ನಿಂತಿದ್ದ ಹೊತ್ತು ಅದು.

2016ರಲ್ಲಿ ಇದೇ ಕಥೆಯ 'ಏರ್‌ಲಿಫ್ಟ್' ಸಿನಿಮಾ ಬಂತು. ಊರಿನ ಹುಡುಗರು ನೋಡಿ ಬಂದು, ಸರ್ಕಾರದ ಜನ ಏನೂ ಮಾಡಲಿಲ್ಲವಂತೆ ಹೌದಾ ಎಂದು ಕೇಳಿದರು. ವಿದೇಶಾಂಗ ಕಾರ್ಯದರ್ಶಿಯಾಗಿದ್ದ ನಿರುಪಮಾ ರಾವ್ ಅವರೂ ಆ ಚಿತ್ರದ ಬಗ್ಗೆ ಬೇಸರ ಹೇಳಿಕೊಂಡರು. ಕುವೈತಿನೊಳಗೆ ನಮ್ಮ ವ್ಯಾಪಾರಸ್ಥರು, ಸಂಘದವರು ಮಾಡಿದ ಉಪಕಾರ ದೊಡ್ಡದು, ಅವರ ಅನ್ನ ನಾನೂ ಉಂಡಿದ್ದೇನೆ. ಆದರೆ ನಿದ್ದೆ ಇಲ್ಲದೆ ಹೆಸರು ತಾಳೆ ನೋಡಿದವರನ್ನು ಕಥೆಯಿಂದ ತೆಗೆದುಹಾಕಿದ್ದು ನನಗೆ ಇವತ್ತಿಗೂ ನೋವು.

ಐದನೆಯ ದಿನ ಸಂಜೆ ಆ ಗುಮಾಸ್ತರು, "ಇವತ್ತು ನೀವು ಹೊರಡಿ" ಎಂದರು. ಪಟ್ಟಿಯ ಕೊನೆಯ ಸಾಲಿನಲ್ಲಿ ನನ್ನ ಹೆಸರು, ಅಪ್ಪಯ್ಯನ ಹೆಸರು, ಊರು, ಪೋಸ್ಟು ನಾನೇ ಬರೆದೆ. ಬೊಂಬಾಯಿಯ ಸಹಾರ್ ನಿಲ್ದಾಣದಲ್ಲಿ ಸರ್ಟಿಫಿಕೇಟ್ ತಗೊಂಡುಬಿಟ್ಟರು. ಕೊಂಕಣ ರೈಲು ಇನ್ನೂ ಬಂದಿರಲಿಲ್ಲ; ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಟೆ. ಕಿಟಕಿಯ ಬೆಳಕಿನಲ್ಲಿ ನೋಡಿದರೆ ಹೆಬ್ಬೆರಳು, ತೋರುಬೆರಳು ಕಾರ್ಬನ್ ಮಸಿಯಿಂದ ನೀಲಿ. ಮನೆ ಬಾವಿಕಟ್ಟೆಯಲ್ಲಿ ಅಮ್ಮ ಸೀಗೆಪುಡಿ ಹಾಕಿ ಉಜ್ಜಿದರೂ ಎರಡು ದಿನ ಹೋಗಲಿಲ್ಲ.