ಅರ್ಥ ತಿಳಿಯದ ಹಾಡು

ಅಮೆರಿಕದ ದಕ್ಷಿಣ ಕೆರೊಲಿನಾ, ಜಾರ್ಜಿಯಾ ಕರಾವಳಿಯ ಗುಲ್ಲಾ ಜನ, ಆಫ್ರಿಕದಿಂದ ಹಿಡಿದು ತಂದು ಭತ್ತ, ಹತ್ತಿಯ ಹೊಲಗಳಲ್ಲಿ ದುಡಿಸಿದ ಗುಲಾಮರ ಸಂತತಿ. ಅವರ ಮಾತನ್ನು ಕೆಟ್ಟ ಇಂಗ್ಲಿಷೆಂದು ಬಹುಕಾಲ ನಕ್ಕವರೇ ಹೆಚ್ಚು. ನಗದೆ ಕಿವಿಗೊಟ್ಟವರು ಭಾಷಾಶಾಸ್ತ್ರಜ್ಞ ಲೊರೆಂಜೊ ಡೌ ಟರ್ನರ್. 1930ರ ದಶಕದಲ್ಲಿ ಅವರು ಹ್ಯಾರಿಸ್ ನೆಕ್‌ನ ಅಮೀಲಿಯಾ ಡಾಲಿ ಹಾಡಿದ್ದನ್ನು ಧ್ವನಿಮುದ್ರಿಸಿಕೊಂಡರು. ಹಾಡಿನ ಅರ್ಥ ಆಕೆಗೇ ತಿಳಿಯದು. ಅದು ಸಿಯೆರಾ ಲಿಯೋನ್‌ನ ಮೆಂಡೆ ಭಾಷೆ! 1997ರಲ್ಲಿ ಅಮೀಲಿಯಾಳ ಮಗಳು ಮೇರಿ ಮೊರಾನ್ ಅಲ್ಲಿಗೆ ಹೋದರು. ಅಲ್ಲಿನ ಬೆಂಡು ಜಬಾಟಿ ಎಂಬಾಕೆಗೆ ಅಜ್ಜಿ ಕಲಿಸಿದ್ದೂ ಅದೇ ಹಾಡು. ಸತ್ತವರನ್ನು ಕಳಿಸಿಕೊಡುವ ಹಾಡು.

ಮಕ್ಕಳ ಮನೆಮಾತನ್ನು ಕೆಂಪು ಶಾಯಿಯಲ್ಲಿ ತಿದ್ದಿದವಳು ನಾನೂ. ಯಾವ ಅಜ್ಜಿಯ ಯಾವ ಪದ ನನ್ನ ಕೈಯಲ್ಲಿ ಅಳಿಯಿತೋ! ಈಗ ತಿದ್ದುವ ಮೊದಲು ಕೇಳುತ್ತೇನೆ: “ಇದನ್ನು ನಿನಗೆ ಯಾರು ಹೇಳಿಕೊಟ್ಟರು, ಮಗು?”