ಭಾಸ್ಕರನ ಕಣ್ಣು ತಡವಾಗಿ ತೆರೆದುದು

ಅಲ್ ಥುಮಾಮಾದಲ್ಲಿ ನೆಲೆಸಿರುವ ನಮಗೆ ಗಹ್ಫಿಯಾ ಟೋಪಿಯಾಕಾರದ ಕ್ರೀಡಾಂಗಣವೂ ಹಮದ್ ವಿಮಾನ ನಿಲ್ದಾಣದ ವಿಮಾನಗಳೂ ನಿತ್ಯದ ನೋಟ. ಇದೇ ಆಕಾಶದಲ್ಲಿ ಅಮೆರಿಕದ ನೋವಾ ಉಪಗ್ರಹಗಳು 2025ರ ಆಗಸ್ಟ್‌ವರೆಗೆ 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮೋಡಗಳ ಚಿತ್ರವನ್ನು ಬಿತ್ತರಿಸುತ್ತ ಸಾಗುತ್ತಿದ್ದವು. ಸಾಧಾರಣ ಆಂಟೆನಾ ಇದ್ದವರಿಗೂ ಅದು ಲಭ್ಯವಿತ್ತು. ಟಿಕ್‌ಟಿಕ್ ಎನ್ನುವ ಆ ದನಿಯನ್ನು ಸೆಕೆಂಡಿಗೆ ಎರಡು ಸಾಲಿನಂತೆ ಜೋಡಿಸಿದರೆ ಅರಬ್ಬೀ ಸಮುದ್ರವೇ ಮೂಡುತ್ತಿತ್ತು. 2007ರಲ್ಲಿ ಒಮಾನನ್ನು ಕಾಡಿದ ಗೋನು, 2021ರಲ್ಲಿ ನಮ್ಮ ಕರಾವಳಿಯನ್ನು ನಡುಗಿಸಿದ ತೌಕ್ತೆ, ಎರಡೂ ಅದೇ ಕಡಲಿನವು. ಆದುದರಿಂದ ಚಿತ್ರದಲ್ಲಿ ಕಂಡ ಬಿಳಿ ಪಟ್ಟೆ ಮೋಡವೋ ಗದ್ದಲವೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ಕೆಟ್ಟ ಚಿತ್ರದ ಮುಂದೆ ಮೊದಲು ಕೇಳಬೇಕಾದುದು ಒಂದೇ: ದೋಷ ನೆಲದಲ್ಲೋ, ಬಾನಿನಲ್ಲೋ? ಚಿತ್ರ ಓರೆಯಾಗಿ ವಾಲಿದ್ದರೆ ಗಣಕದ ಗಡಿಯಾರ ಉಪಗ್ರಹದ ಲಯಕ್ಕೆ ಹೊಂದುತ್ತಿಲ್ಲ. ಆರಂಭದಲ್ಲೂ ಕೊನೆಯಲ್ಲೂ ಮರಳು ಎರಚಿದಂತಿದ್ದರೆ ಉಪಗ್ರಹ ದಿಗಂತದ ಬಳಿಯಿದೆ, ಸಂಕೇತ ಕ್ಷೀಣ. ಅಡ್ಡಪಟ್ಟಿಗಳು ಬಿದ್ದರೆ ಹತ್ತಿರದ ಪ್ರಸಾರವನ್ನು ಶಂಕಿಸಬೇಕು. ವಿಮಾನಗಳ ಸಂಭಾಷಣೆ ನಡೆಯುವುದು 137ರ ಕೆಳಗಣ ಪಟ್ಟಿಯಲ್ಲೇ. ಆದರೆ 2019ರಲ್ಲಿ ನೋವಾ-15ರ ಸ್ಕ್ಯಾನ್ ಮೋಟಾರು ತೊಡಕಿಗೆ ಸಿಲುಕಿ ಚಿತ್ರ ಕೆಟ್ಟಾಗ ಯಾವ ಆಂಟೆನಾವೂ ನೆರವಾಗುವಂತಿರಲಿಲ್ಲ.

ಬಾನಿನ ದೋಷದ ಪಾಡನ್ನು ಬೆಂಗಳೂರು ಅದಕ್ಕೂ ನಾಲ್ಕು ದಶಕಗಳ ಮೊದಲೇ ಕಂಡಿತ್ತು. ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಸಿದ್ಧವಾದ ಭಾಸ್ಕರ-1, 1979ರ ಜೂನ್ 7ರಂದು ಸೋವಿಯತ್ ನೆಲದಿಂದ ಕಕ್ಷೆ ಸೇರಿತು. ಕಡಲ ಮೇಲಣ ನೀರಾವಿಯನ್ನು ಅಳೆಯುವ ಸಮೀರ್ ಎಂಬ ಮೈಕ್ರೋವೇವ್ ಉಪಕರಣ ಕೆಲಸಕ್ಕೆ ತೊಡಗಿತು. ಎರಡು ಟೆಲಿವಿಷನ್ ಕ್ಯಾಮೆರಾಗಳ ಕಥೆಯೇ ಬೇರೆ. ಅವುಗಳಿಗೆ ಅಧಿಕ ವೋಲ್ಟೇಜು ಬೇಕು. ದಟ್ಟ ಗಾಳಿಯೂ ನಿರ್ವಾತವೂ ವಿದ್ಯುತ್ತನ್ನು ತಡೆಯುತ್ತವೆ. ನಡುವಣ ವಿರಳ ಅನಿಲವಾದರೋ ಸುಲಭವಾಗಿ ಕಿಡಿಗೆ ದಾರಿಕೊಡುತ್ತದೆ. ಪೆಟ್ಟಿಗೆಯೊಳಗೆ ಉಳಿದ ಅನಿಲವೇ ಅಲ್ಲಿ ವೈರಿಯಾಯಿತು. ಒಡನೆ ಚಾಲೂ ಮಾಡಿದ್ದರೆ ಸುಟ್ಟೇಹೋಗುವ ಭೀತಿ. ವಿಜ್ಞಾನಿಗಳು ಕಾದರು. ಕಾಯುವುದೂ ದುರಸ್ತಿಯ ಒಂದು ಬಗೆಯೆಂದು ನಾವು ಈ ಪ್ರಸಂಗವನ್ನು ಓದುತ್ತೇವೆ. ಅನಿಲ ಸೋರಿಹೋದ ಮೇಲೆ, 1980ರ ಮೇ ತಿಂಗಳಲ್ಲಿ, ಒಂದು ಕ್ಯಾಮೆರಾ ಕಣ್ಣು ತೆರೆಯಿತು. 1981ರ ನವೆಂಬರಿನಲ್ಲಿ ಹಾರಿದ ಭಾಸ್ಕರ-2 ಎರಡು ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ಕಳುಹಿತು.

ಇಂದು 137ರ ಪಟ್ಟಿಯಲ್ಲಿ ನಮ್ಮ ಮೇಲಿಂದ ಸಾಗುವ ರಷ್ಯಾದ ಮೆಟಿಯೋರ್‌ನ ಚಿತ್ರ ಡಿಜಿಟಲ್. ಅದರಲ್ಲಿ ಮರಳು ಬೀಳದು. ಸಂಕೇತ ಸೋತಲ್ಲಿ ಚಿತ್ರದ ತುಂಡೇ ಕಪ್ಪಾಗಿ ಕಾಣೆಯಾಗುತ್ತದೆ.